ಐಪಿಎಫ್‌ಎಸ್‌ಗೆ ಕಡತ ಸೇರಿಸುವುದು, ಸೇರಿಸಿದ್ದನ್ನು ಉಳಿಸಿಕೊಳ್ಳುವುದು

ಸಾಮಾನ್ಯ ವೆಬ್ ವಿಳಾಸವು ಕಡತ ಯಾವ ಸರ್ವರ್‌ನಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಅಲ್ಲಿರುವ ಕಡತವನ್ನು ಯಾರಾದರೂ ಬದಲಿಸಿದರೂ ವಿಳಾಸ ಮೊದಲಿನಂತೆಯೇ ಇರುತ್ತದೆ. ಕಂಪ್ಯೂಟರ್‌ಗಳು ಕಡತಗಳನ್ನು ನೇರವಾಗಿ ಪರಸ್ಪರ ಹಂಚಿಕೊಳ್ಳುವ ಜಾಲವಾಗಿ 2015ರಲ್ಲಿ ಬಳಕೆಗೆ ಬಂದ ಐಪಿಎಫ್‌ಎಸ್‌ನಲ್ಲಿ ವಿಳಾಸವು ಕಡತದ ಒಳಗಿರುವ ಮಾಹಿತಿಯಿಂದಲೇ ಹುಟ್ಟುತ್ತದೆ, ಆದ್ದರಿಂದ ಒಂದು ಅಕ್ಷರ ತಿದ್ದಿದರೂ ಬೇರೆಯೇ ವಿಳಾಸ ಬರುತ್ತದೆ. ಈ ವಿಳಾಸಕ್ಕೆ ಸಿಐಡಿ ಎಂದು ಹೆಸರು. ಸಿಐಡಿ ಪಡೆಯಲು ಒಂದೇ ಕಮಾಂಡ್ ಸಾಕು. ಆ ಸಿಐಡಿ ಕೇಳಿದವರಿಗೆ ಮುಂದೆಯೂ ಕಡತ ಸಿಗುವಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ, ಹೊಸಬರು ಎಡವುವುದೂ ಅಲ್ಲಿಯೇ.

ಮೊದಲು, ನಿಮ್ಮ ಕಂಪ್ಯೂಟರನ್ನು ಈ ಜಾಲದ ಒಂದು ಘಟಕವಾಗಿ, ಅಂದರೆ ನೋಡ್ ಆಗಿ, ಮಾಡುವ ಕುಬೊ ತಂತ್ರಾಂಶವನ್ನು ಅಳವಡಿಸಿಕೊಳ್ಳಿ. 2022ರವರೆಗೆ ಗೋ-ಐಪಿಎಫ್‌ಎಸ್ ಎಂಬ ಹೆಸರಿದ್ದದ್ದು ಇದಕ್ಕೇ, ಹಳೆಯ ಲೇಖನಗಳಲ್ಲಿ ಆ ಹೆಸರನ್ನು ಕಂಡರೆ ಗೊಂದಲ ಬೇಡ. ಟರ್ಮಿನಲ್‌ನಲ್ಲಿ ‘ಐಪಿಎಫ್‌ಎಸ್ ಇನಿಟ್’ ಕೊಟ್ಟಾಗ ದತ್ತಾಂಶ ಇಡುವ ರೆಪೊಸಿಟರಿಯೂ ನಿಮ್ಮ ನೋಡ್‌ನ ಗುರುತಾದ ಕೀಲಿ ಜೋಡಿಯೂ ಸಿದ್ಧವಾಗುತ್ತವೆ. ನಂತರ ‘ಐಪಿಎಫ್‌ಎಸ್ ಡೀಮನ್’ ಕೊಟ್ಟರೆ, ನಿರಂತರ ಓಡುತ್ತಿರುವ ಈ ಕಾರ್ಯಕ್ರಮದ ಮೂಲಕ ನೋಡ್ ಜಾಲಕ್ಕೆ ಸೇರುತ್ತದೆ. ಇತರ ನೋಡ್‌ಗಳೊಂದಿಗಿನ ಸಂಪರ್ಕಕ್ಕೆ 4001, ಬ್ರೌಸರ್‌ನಿಂದ ಕಡತ ತೆರೆಯಲು ನೆರವಾಗುವ ಸ್ಥಳೀಯ ಗೇಟ್‌ವೇಗೆ 8080, ನಿಯಂತ್ರಣದ ಎಪಿಐಗೆ 5001 ಪೋರ್ಟ್ ಬಳಕೆಯಾಗುತ್ತದೆ. ಇವುಗಳಲ್ಲಿ 5001ನ್ನು ಯಾವ ಕಾರಣಕ್ಕೂ ಹೊರಜಗತ್ತಿಗೆ ತೆರೆದಿಡಬೇಡಿ, ಏಕೆಂದರೆ ಅದನ್ನು ತಲುಪಬಲ್ಲ ಯಾರೇ ಆದರೂ ನಿಮ್ಮ ನೋಡ್‌ನ ಸಂರಚನೆ ಬದಲಿಸಬಹುದು, ಪಿನ್‌ಗಳನ್ನು (ಕಡತ ಅಳಿಯದಂತೆ ಹಾಕಿದ ಗುರುತುಗಳನ್ನು) ಕಿತ್ತುಹಾಕಬಹುದು.

ಕಡತ ಸೇರಿಸಲು ‘ಐಪಿಎಫ್‌ಎಸ್ ಆಡ್’ ಬಳಸಿ, ಸಿಐಡಿ ಆವೃತ್ತಿಯ ಆಯ್ಕೆಗೆ 1 ಎಂದು ಕೊಡಿ. ಹಳೆಯ 0 ಆವೃತ್ತಿಯ ಸಿಐಡಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳು ಬೆರೆತಿರುವುದರಿಂದ ಅದನ್ನು ಡೊಮೇನ್ ಹೆಸರಿನ ಭಾಗವಾಗಿ ಬಳಸಲಾಗುವುದಿಲ್ಲ. ಫೋಲ್ಡರನ್ನು ಪೂರ್ತಿ ಸೇರಿಸಬೇಕಾದರೆ ರಿಕರ್ಸಿವ್ ಆಯ್ಕೆಯನ್ನೂ ಕೊಡಬೇಕು. ಕುಬೊ ದೊಡ್ಡ ಕಡತವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಎಸ್‌ಎಚ್‌ಎ-256 ಹ್ಯಾಶ್ (ಒಳಗಿನ ಮಾಹಿತಿಯಿಂದ ಬರುವ ಗುರುತುಸಂಖ್ಯೆ) ಲೆಕ್ಕಹಾಕಿ, ಎಲ್ಲವನ್ನೂ ಒಂದು ಬೇರು ತುಂಡಿಗೆ ಜೋಡಿಸುತ್ತದೆ. ನಿಮಗೆ ಸಿಗುವುದು ಆ ಬೇರಿನ ಸಿಐಡಿ. ಇದರಿಂದ ಹೊರಡುವ ಒಂದು ಪರಿಣಾಮವನ್ನು ಮರೆಯಬಾರದು: ತುಂಡಿನ ಗಾತ್ರ ಅಥವಾ ಸಿಐಡಿ ಆವೃತ್ತಿ ಬದಲಾದರೆ ಅದೇ ಕಡತಕ್ಕೆ ಬೇರೆ ಸಿಐಡಿ ಬರುತ್ತದೆ. ಹಾಗಾಗಿ ಯಾವ ಆಯ್ಕೆಗಳೊಂದಿಗೆ ಸೇರಿಸಿದಿರಿ ಎಂಬುದನ್ನು ಸಿಐಡಿಯ ಜೊತೆಯಲ್ಲೇ ಬರೆದಿಡಿ. ಕಡತವನ್ನು ಸಂಗ್ರಹಿಸದೆ ಸಿಐಡಿ ಮಾತ್ರ ತಿಳಿಯಬೇಕಿದ್ದರೆ ‘ಓನ್ಲಿ-ಹ್ಯಾಶ್’ ಆಯ್ಕೆ ಇದೆ.

ಸೇರಿಸುವ ಮುನ್ನವೇ ಗೌಪ್ಯತೆಯನ್ನು ಯೋಚಿಸಬೇಕು. ಸಾರ್ವಜನಿಕ ಜಾಲದಲ್ಲಿ ಸಿಐಡಿ ತಿಳಿದ ಯಾರು ಬೇಕಾದರೂ ಕಡತವನ್ನು ಪಡೆಯಬಹುದು, ಇನ್ನೊಬ್ಬರು ಪ್ರತಿ ಮಾಡಿಟ್ಟುಕೊಂಡ ಮೇಲೆ ಅದನ್ನು ಅಳಿಸುವ ಅಧಿಕಾರ ನಿಮಗಿರುವುದಿಲ್ಲ. ಖಾಸಗಿ ದಾಖಲೆಯಾದರೆ ಗೂಢಲಿಪೀಕರಿಸಿಯೇ ಸೇರಿಸಿ. ನನ್ನ ಅಭಿಪ್ರಾಯದಲ್ಲಿ, ತೀರಾ ಸೂಕ್ಷ್ಮವಾದದ್ದನ್ನು ಹಾಗೆಯೂ ಸೇರಿಸದಿರುವುದೇ ಒಳ್ಳೆಯದು.

ಇನ್ನು ಉಳಿಸಿಕೊಳ್ಳುವ ವಿಚಾರ. ‘ಆಡ್’ ಮಾಡಿದಾಗ ಕಡತ ಬೇರೆಲ್ಲಿಗೂ ಹೋಗುವುದಿಲ್ಲ, ನಿಮ್ಮ ನೋಡ್‌ನಲ್ಲಿಯೇ ಪಿನ್ ಆಗಿ ಕೂರುತ್ತದೆ. ಪಿನ್ ಎಂದರೆ ಜಾಗ ತೆರವುಗೊಳಿಸುವ ‘ಐಪಿಎಫ್‌ಎಸ್ ರೆಪೊ ಜಿಸಿ’ ಕಮಾಂಡ್ ಆ ತುಂಡುಗಳನ್ನು ಮುಟ್ಟಬಾರದೆಂಬ ಸೂಚನೆ, ಅದೂ ನಿಮ್ಮ ಯಂತ್ರಕ್ಕೆ ಮಾತ್ರ. ಈ ಕಡತ ನನ್ನಲ್ಲಿದೆ ಎಂದು ನೋಡ್ ಡಿಎಚ್‌ಟಿಯಲ್ಲಿ (ಯಾವ ಕಡತ ಯಾರಲ್ಲಿದೆ ಎಂದು ನೋಡ್‌ಗಳು ಹಂಚಿಕೊಂಡು ಇಟ್ಟುಕೊಳ್ಳುವ ಪಟ್ಟಿಯಲ್ಲಿ) ಪ್ರಕಟಿಸುವ ದಾಖಲೆಗಳಿಗೂ ಅವಧಿಯಿದ್ದು, ಅವನ್ನು ಮತ್ತೆ ಮತ್ತೆ ಪ್ರಕಟಿಸುತ್ತಿರಬೇಕಾಗುತ್ತದೆ. ಬೇರೆ ಯಾರ ಬಳಿಯೂ ಪ್ರತಿಯಿಲ್ಲದಿದ್ದರೆ, ನಿಮ್ಮ ಯಂತ್ರ ಆರಿಸಿದ ಕೂಡಲೇ ಕಡತ ಜಾಲಕ್ಕೆ ಇಲ್ಲದಂತೆಯೇ. ಆದ್ದರಿಂದ ಸದಾ ಚಾಲನೆಯಲ್ಲಿರುವ ಇನ್ನೊಂದು ಯಂತ್ರದಲ್ಲಿ ‘ಐಪಿಎಫ್‌ಎಸ್ ಪಿನ್ ಆಡ್’ ಕೊಟ್ಟು ಅದೇ ಸಿಐಡಿಯನ್ನು ಪಿನ್ ಮಾಡಿ, ಇಲ್ಲವೇ ನಿಮ್ಮ ಪರವಾಗಿ ಪಿನ್ ಮಾಡಿಟ್ಟುಕೊಳ್ಳುವ ಪಿನ್ನಿಂಗ್ ಸೇವೆಯೊಂದನ್ನು ‘ಐಪಿಎಫ್‌ಎಸ್ ಪಿನ್ ರಿಮೋಟ್’ ಕಮಾಂಡ್‌ಗಳ ಮೂಲಕ ಜೋಡಿಸಿಕೊಳ್ಳಿ. ಎರಡನೆಯ ನೋಡ್ ತುಂಡುಗಳನ್ನೆಲ್ಲ ಪಡೆದು ಮುಗಿಸುವವರೆಗೆ ನಿಮ್ಮ ಡೀಮನ್ ನಿಲ್ಲಬಾರದು.

ಕೆಲಸವಾಗಿದೆಯೇ ಎಂದು ಪರೀಕ್ಷಿಸಲು ಸಾರ್ವಜನಿಕ ಗೇಟ್‌ವೇಯಲ್ಲಿ ಪುಟ ತೆರೆದು ನೋಡಿ ಸಮಾಧಾನಪಡುವವರೇ ಹೆಚ್ಚು. ಆ ಪರೀಕ್ಷೆಯನ್ನು ನಂಬಬೇಡಿ, ಗೇಟ್‌ವೇ ತನ್ನ ತಾತ್ಕಾಲಿಕ ಸಂಗ್ರಹದಿಂದಲೇ ಕಡತ ಕೊಟ್ಟಿರಬಹುದು. ನಿಮ್ಮ ಡೀಮನ್ ನಿಲ್ಲಿಸಿ, ಬೇರೊಂದು ಸಂಪರ್ಕದಲ್ಲಿರುವ, ಆ ಕಡತವನ್ನು ಎಂದೂ ಪಡೆಯದ ನೋಡ್‌ನಿಂದ ‘ಐಪಿಎಫ್‌ಎಸ್ ಗೆಟ್’ ಮಾಡಿ ನೋಡಿ. ಬಾರದಿದ್ದರೆ ‘ಐಪಿಎಫ್‌ಎಸ್ ರೂಟಿಂಗ್ ಫೈಂಡ್‌ಪ್ರೊವ್ಸ್’ ಕಮಾಂಡ್‌ಗೆ ಸಿಐಡಿ ಕೊಟ್ಟರೆ, ಕಡತ ತಮ್ಮಲ್ಲಿದೆ ಎಂದು ಹೇಳುತ್ತಿರುವ ನೋಡ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಎರಡನೆಯ ನೋಡ್‌ನ ಗುರುತು ಇಲ್ಲದಿದ್ದರೆ ತೊಂದರೆ ಎಲ್ಲಿದೆ ಎಂಬುದರ ಸುಳಿವು ಸಿಕ್ಕಂತಾಯಿತು.

ದೊಡ್ಡ ಸಂಗ್ರಹವನ್ನು ಸಾಗಿಸಲು ‘ಐಪಿಎಫ್‌ಎಸ್ ಡ್ಯಾಗ್ ಎಕ್ಸ್‌ಪೋರ್ಟ್’ ಮೂಲಕ ತುಂಡುಗಳನ್ನೆಲ್ಲ ಒಂದೇ ಕಟ್ಟಾಗಿಸುವ ಸಿಎಆರ್ ಕಡತ ಮಾಡಿಕೊಳ್ಳುವುದು ಅನುಕೂಲಕರ. ತುಂಡುಗಳು ಇದ್ದಂತೆಯೇ ಹೋಗುವುದರಿಂದ ಸಿಐಡಿ ಬದಲಾಗುವ ಭಯವಿಲ್ಲ.

ಆಗಾಗ ಪರಿಷ್ಕರಿಸುವ ಕಡತಕ್ಕೆ ಸ್ಥಿರವಾದ ಹೆಸರು ಬೇಕಾದಾಗ ‘ಐಪಿಎಫ್‌ಎಸ್ ನೇಮ್ ಪಬ್ಲಿಶ್’ ಬಳಸಿ ಐಪಿಎನ್‌ಎಸ್ ಹೆಸರನ್ನು ಹೊಸ ಸಿಐಡಿಗೆ ತಿರುಗಿಸಬಹುದು. ಸ್ವಂತ ಡೊಮೇನ್ ಇದ್ದರೆ ಅದನ್ನು ಸಿಐಡಿಗೆ ಜೋಡಿಸುವ ಡಿಎನ್‌ಎಸ್‌ಲಿಂಕ್ ದಾಖಲೆಯಿಂದಲೂ ಇದು ಸಾಧ್ಯ. ಎರಡರಲ್ಲಿ ಯಾವುದನ್ನು ಆರಿಸಿದರೂ ಹೊಸ ಆವೃತ್ತಿಯನ್ನು ಎರಡನೆಯ ನೋಡ್‌ನಲ್ಲಿ ಪಿನ್ ಮಾಡಿ, ಅಲ್ಲಿಂದ ಸಿಗುತ್ತಿದೆ ಎಂದು ಖಚಿತಪಡಿಸಿಕೊಂಡ ನಂತರವೇ ಹೆಸರನ್ನು ತಿರುಗಿಸಿ, ಹಳೆಯ ಸಿಐಡಿಯ ಪಿನ್ ತೆಗೆಯುವುದನ್ನು ಕೊನೆಗಿಟ್ಟುಕೊಳ್ಳಿ.