ಬೆಗೋನಿಯಾ ಎಲೆ ಮೇಲಿನ ಬಿಳಿ: ಬೂದಿ ರೋಗವೋ, ಹಿಟ್ಟು ತಿಗಣೆಯೋ?

ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಹನ್ನೊಂದು ಬೆಗೋನಿಯಾ ಕುಂಡಗಳಿವೆ. ಅದರಲ್ಲಿ ರೆಕ್ಸ್ ಅಂದರೆ ನನಗೆ ಪ್ರಾಣ. ಅಂಗೈ ಅಗಲದ ಎಲೆ, ನಡುವೆ ಬೆಳ್ಳಿ ಬಣ್ಣ, ಅಂಚಿಗೆ ಕಡುಗೆಂಪು. ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಅದರ ಎರಡು ಎಲೆಗಳ ಮೇಲೆ ಬಿಳಿ ಚುಕ್ಕೆ ಕಂಡಿತು. ಬೆಳ್ಳಿ ಬಣ್ಣದ ಮೇಲೆ ಬಿಳಿ ಬೇಗ ಕಣ್ಣಿಗೆ ಬೀಳಲ್ಲ ಅಲ್ವಾ, ಎಷ್ಟು ದಿನದಿಂದ ಇತ್ತೋ ಏನೋ.

ಹಿಂದೆ ದಾಸವಾಳಕ್ಕೆ ಹಿಟ್ಟು ತಿಗಣೆ, ಅಂದರೆ ಗಿಡದ ರಸ ಹೀರುವ ಪುಟ್ಟ ಬಿಳಿ ಹುಳ, ಬಂದಿತ್ತು. ಇದೂ ಅದೇ ಅಂದುಕೊಂಡು ದಿನಾ ಸಂಜೆ ಎಲೆಗಳಿಗೆ ಜೋರಾಗಿ ನೀರು ಹೊಡೆದೆ. ಅದು ತಪ್ಪಾಯಿತು. ಮೋಡದ ದಿನಗಳು, ಒತ್ತೊತ್ತಾಗಿ ಇಟ್ಟ ಕುಂಡಗಳು. ರಾತ್ರಿಯೆಲ್ಲಾ ಎಲೆ ಒಣಗಲೇ ಇಲ್ಲ. ವಾರದಲ್ಲಿ ಬಿಳಿ ಚುಕ್ಕೆ ಪಕ್ಕದ ನಾಲ್ಕು ಕುಂಡಕ್ಕೆ ಹಬ್ಬಿತು. ಜೊತೆಗೆ ಉದುರಿದ ಹೂವು ಅಂಟಿಕೊಂಡ ಎಲೆಗಳು ಕಂದಾಗಿ ಕೊಳೆತು, ಅವುಗಳ ಮೇಲೆ ಬೂದು ಬಣ್ಣದ ಬೂಷ್ಟು ಎದ್ದಿತು. ಇದು ಬಿಳಿ ಚುಕ್ಕೆಯಲ್ಲ, ಒದ್ದೆಯಿಂದ ಬಂದ ಬೇರೆಯೇ ಕೊಳೆ.

ಆಮೇಲೆ ಭೂತಗನ್ನಡಿ ಹಿಡಿದು ಕೂತೆ. ರೆಕ್ಸ್ ಎಲೆಯ ಚುಕ್ಕೆ ದುಂಡಗೆ, ಚಪ್ಪಟೆಯಾಗಿ, ಹಿಟ್ಟು ಉದುರಿಸಿದ ಹಾಗೆ ಎಲೆಯ ಮೇಲ್ಭಾಗದಲ್ಲೇ ಇತ್ತು. ಬೆರಳಿಂದ ಉಜ್ಜಿದರೆ ಪುಡಿ ಬಂತು, ಅಂಟು ಇರಲಿಲ್ಲ. ಇದು ಬೂದಿ ರೋಗ. ಈ ಶಿಲೀಂಧ್ರಕ್ಕೆ ಎಲೆ ಒದ್ದೆಯಾಗಬೇಕು ಅಂತಿಲ್ಲ, ತಂಪು ಹವೆ, ಗಾಳಿಯಲ್ಲಿ ತೇವ, ನೆರಳು ಇದ್ದರೆ ಸಾಕು.

ಆದರೆ ಮೂಲೆಯ ಉದ್ದ ಕಾಂಡದ ಬೆಗೋನಿಯಾದಲ್ಲಿ ಇರುವೆ ಸಾಲು ಹತ್ತುತ್ತಿತ್ತು. ಇರುವೆ ಸುಮ್ನೆ ಹತ್ತಲ್ಲ, ಹಿಟ್ಟು ತಿಗಣೆ ಬಿಡುವ ಸಿಹಿ ಅಂಟಿಗೆ ಬರುತ್ತೆ. ಎಲೆ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಚೂರಿನಂಥದ್ದು ಇತ್ತು. ಇಯರ್ ಬಡ್‌ನಿಂದ ಒತ್ತಿದೆ, ಹಳದಿ-ಕಿತ್ತಳೆ ರಸ ಹತ್ತಿಗೆ ಹತ್ತಿತು. ಕೆಳಗಿನ ಎಲೆಗಳು ಜಿಗುಟು. ಇದು ನಿಜವಾದ ಹಿಟ್ಟು ತಿಗಣೆ. ಒಂದೇ ಬಾಲ್ಕನಿ, ಬಿಳಿಯಾಗಿ ಕಾಣುವ ಎರಡು ಬೇರೆ ಬೇರೆ ಕಾಟ!

ಬೂದಿ ಬಂದ ಕುಂಡಗಳನ್ನು ಬೇರೆ ಮಾಡಿದೆ. ಹೆಚ್ಚು ಹಾಳಾದ ಎಲೆಗಳನ್ನು ಕತ್ತರಿಸಿ ಕವರಿಗೆ ಹಾಕಿ ಕಟ್ಟಿ ಕಸಕ್ಕೆ ಕೊಟ್ಟೆ, ಗೊಬ್ಬರದ ಡಬ್ಬಿಗೆ ಹಾಕಲಿಲ್ಲ. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಟ್ಟೆ. ನೀರು ಬೆಳಿಗ್ಗೆ ಮಾತ್ರ, ಅದೂ ಮಣ್ಣಿಗೆ. ನೀರಲ್ಲಿ ಬೆರೆಯುವ 80% ಸಲ್ಫರ್ ಪುಡಿಯನ್ನು ಲೀಟರಿಗೆ 2 ಗ್ರಾಂ ಬೆರೆಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಡೆದೆ. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾದೆ, ಬೆಗೋನಿಯಾ ಎಲೆ ತುಂಬಾ ನಾಜೂಕು. ಹತ್ತು ದಿನ ಬಿಟ್ಟು ಇನ್ನೊಂದು ಸಲ.

ಹಿಟ್ಟು ತಿಗಣೆಗೆ ಬೇರೆ ದಾರಿ. ಔಷಧಿ ಅಂಗಡಿಯ 70% ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಇಯರ್ ಬಡ್‌ನಿಂದ ಒಂದೊಂದನ್ನೇ ಒರೆಸಿದೆ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪು ನೀರು ಸೇರಿಸಿ, ಸಂಜೆ ಎಲೆಯ ಕೆಳಭಾಗಕ್ಕೂ ತಾಗುವಂತೆ ಸಿಂಪಡಿಸಿದೆ. ವಾರಕ್ಕೊಮ್ಮೆ, ನಾಲ್ಕು ವಾರ. ಗಿಡದ ಮೇಲಿನ ಆ ಹತ್ತಿಯಂಥ ಚೂರಿನೊಳಗಿನ ಮೊಟ್ಟೆಗಳು ಆಮೇಲೆ ಒಡೆಯುತ್ತವೆ, ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಬೇರನ್ನೂ ನೋಡಿದೆ. ಕುಂಡದ ಒಳಗೋಡೆಗೆ ಬಿಳಿ ಪುಡಿ ಇದ್ದರೆ ಮಣ್ಣು ಪೂರ್ತಿ ಬದಲಿಸಬೇಕು. ಅದೃಷ್ಟಕ್ಕೆ ಇರಲಿಲ್ಲ.

ಒಂದು ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರದೊಳಗೆ ಸಲ್ಫರ್ ಹಾಕಬೇಡಿ, ಸಲ್ಫರ್ ಹಾಕಿದ್ದಕ್ಕೆ ಎಣ್ಣೆಯೂ ಬೇಡ. ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ. ಬಿಸಿಲು ಜೋರಿದ್ದ ದಿನ ಸಲ್ಫರ್ ಮುಟ್ಟಲೇಬೇಡಿ.

ಸೆಪ್ಟೆಂಬರ್ ಹೊತ್ತಿಗೆ ರೆಕ್ಸ್‌ನ ಗೆಡ್ಡೆಯಿಂದ ಮೂರು ಹೊಸ ಎಲೆ ಬಂದವು. ಹಳೆ ಎಲೆಗಳಲ್ಲಿ ಬೂದಿ ಇದ್ದ ಜಾಗ ಇನ್ನೂ ಕಂದು ಕಲೆಯಾಗಿಯೇ ಉಳಿದಿದೆ. ಭೂತಗನ್ನಡಿ ಈಗ ಬಾಲ್ಕನಿಯ ಮೊಳೆಗೆ ನೇತಾಡುತ್ತಿದೆ, ಭಾನುವಾರ ಬೆಳಿಗ್ಗೆ ಎಲೆ ತಿರುಗಿಸಿ ನೋಡುತ್ತೇನೆ.