ಬೋರರ್ ಬಗ್ಗೆ ಓದಲು 40 ಡಾಲರ್ ಕೇಳಿದರು

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮದು ನಾಲ್ಕು ಎಕರೆ ಅರೇಬಿಕಾ ಕಾಫಿ. ಹೋದ ಸೆಪ್ಟೆಂಬರ್‌ನಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹಿಡಿದ ಗಿಡ ಹುಡುಕುತ್ತಾ ಒಂದನ್ನು ಹಿಡಿದು ಅಲ್ಲಾಡಿಸಿದೆ ಅಷ್ಟೇ, ಲಟಕ್ಕಂತ ಮುರಿದು ಕೈಗೆ ಬಂತು. ಕಾಂಡದೊಳಗೆ ಸುರಂಗ, ಅದರ ತುಂಬಾ ಗಟ್ಟಿಯಾಗಿ ಒತ್ತಿದ ಹುಡಿ. ಪಕ್ಕದ ತೋಟದವರು ಫೆರಮೋನ್ ಟ್ರ್ಯಾಪ್ (ಹುಳದ ವಾಸನೆ ಇಟ್ಟು ಹುಳ ಹಿಡಿಯುವ ಬೋನು) ಹಾಕಿ ಅಂದರು. ದುಡ್ಡು ಹಾಕುವ ಮೊದಲು ಓದೋಣ ಅಂತ ಮೊಬೈಲ್‌ನಲ್ಲಿ ಹುಡುಕಿದೆ.

ಅದರ ಮೇಲಿನ ಸಂಶೋಧನಾ ಪೇಪರೇನೋ ಸಿಕ್ಕಿತು. ಪ್ರಯೋಗ ನಡೆದದ್ದು ನಮ್ಮ ಜಿಲ್ಲೆಯ ತೋಟದಲ್ಲೇ, ಅದೂ ಸರ್ಕಾರದ ದುಡ್ಡಲ್ಲಿ. ಆದರೆ ಸಾರಾಂಶದ ಕೆಳಗೆ ಬೀಗ, ತೆಗೆಯಲು 40 ಡಾಲರ್!

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ 6,000 ಕೋಟಿ ರೂಪಾಯಿ ಕೊಟ್ಟಿತಲ್ವಾ, ಇಂಥ ಪೇಪರ್ ಬರುವ ಸುಮಾರು 13,000 ಜರ್ನಲ್ ಅದರಲ್ಲಿವೆ, ಆದರೆ ಓದಲು ಸಿಗುವುದು ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಯ ಒಳಗಿದ್ದವರಿಗೆ. ಕೃಷಿ ಸಂಶೋಧನೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಐಸಿಎಆರ್ 2013ರಲ್ಲೇ ತನ್ನ ಸಂಶೋಧನೆ ಎಲ್ಲರಿಗೂ ಸಿಗಬೇಕೆಂದು ನಿಯಮ ಮಾಡಿದೆ. ಆದರೆ ಕಾಫಿ ಸಂಶೋಧನೆ ನೋಡಿಕೊಳ್ಳುವ ಕಾಫಿ ಬೋರ್ಡ್ ಐಸಿಎಆರ್ ಕೆಳಗಿಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ. ಗದ್ದೆಗೆ ಒಂದು ಮನೆ, ತೋಟಕ್ಕೆ ಇನ್ನೊಂದು.

ಗೂಗಲ್ ಸ್ಕಾಲರ್‌ನಲ್ಲಿ ಹೆಸರಿನ ಕೆಳಗೆ 'ಆಲ್ ವರ್ಷನ್ಸ್' ಅಂತ ಇರುತ್ತದೆ, ಒತ್ತಿದರೆ ಎಷ್ಟೋ ಸಲ ಪುಕ್ಕಟೆ ಪ್ರತಿ ಸಿಗುತ್ತದೆ. ನನಗೆ ಸಿಗಲಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ಕೃಷಿಕೋಶದಲ್ಲೂ ನೋಡಿದೆ. ಕೊನೆಗೆ ಪೇಪರ್ ಬರೆದವರಿಗೇ ಇಮೇಲ್ ಹಾಕಿದೆ: "ಸರ್, ನಾನು ಆಲ್ದೂರಿನ ಬೆಳೆಗಾರ. ನಿಮ್ಮ ಪೇಪರ್ ಓದಬೇಕಿತ್ತು, ಒಂದು ಪ್ರತಿ ಕಳಿಸ್ತೀರಾ?" ಇಷ್ಟೇ. ಬೈತಾರೇನೋ ಅಂದುಕೊಂಡಿದ್ದೆ. ಮೂರನೇ ದಿನ ಪಿಡಿಎಫ್ ಬಂತು, ಜೊತೆಗೆ ಎರಡು ಹಳೇ ಪೇಪರ್ ಬೇರೆ. ಆ 40 ಡಾಲರ್‌ನಲ್ಲಿ ಬರೆದವರಿಗೆ ನಯಾಪೈಸೆ ಬರುವುದಿಲ್ಲ, ಓದುವವರು ಸಿಕ್ಕರೆ ಅವರಿಗೂ ಖುಷಿಯೇ.

ಇಂಗ್ಲಿಷ್ ಕಷ್ಟ ಆಯಿತು, ಮಗಳನ್ನು ಕೂರಿಸಿಕೊಂಡು ಎರಡು ರಾತ್ರಿ ಓದಿದೆ. ಈ ಹುಳದಲ್ಲಿ ವಾಸನೆ ಬಿಡುವುದು ಗಂಡು, ಹುಡುಕಿಕೊಂಡು ಬರುವುದು ಹೆಣ್ಣು. ಹಾರಾಟವೆಲ್ಲ ಬಿಸಿಲಲ್ಲಿ. ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಅಲ್ಲಿಗೆ ನನ್ನ ತಪ್ಪು ಗೊತ್ತಾಯಿತು. ಪಡುವಣ ಬದಿಯಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿ ಮಾಡಿಸಿ ಗಿಡಗಳನ್ನು ಬಿಸಿಲಿಗೆ ಬಿಟ್ಟಿದ್ದೆ, ಸತ್ತ ಗಿಡಗಳೂ ಹೆಚ್ಚಾಗಿ ಅಲ್ಲಿಯವೇ.

ಟ್ರ್ಯಾಪ್ ಸದ್ಯಕ್ಕೆ ಬೇಡ ಅಂತ ಬಿಟ್ಟೆ. ಬೋರರ್ ಗಿಡ ಕಿತ್ತು ಸುಟ್ಟು, ಉಳಿದವುಗಳ ತೊಗಟೆ ಉಜ್ಜಿಸಿ, ಕಾಂಡಕ್ಕೆ ಸುಣ್ಣದ ನೀರು ಹೊಡೆಸಿದೆ. ನೆರಳು ಕೊಡುವ ಹಾಲುವಾಣದ ಕೊಂಬೆ ಮುಟ್ಟಿಲ್ಲ. ಚಿಕ್ಕಮಗಳೂರಿನಲ್ಲಿ ಪೇಪರಿನ ಪ್ರಿಂಟ್ ತೆಗೆಸಿದ್ದೆ. ಟ್ರ್ಯಾಪ್ ಹಾಕಿ ಅಂದವರು ಓದಿ ಕೊಡ್ತೀನಿ ಅಂತ ತಗೊಂಡು ಹೋಗಿ ಎರಡು ತಿಂಗಳಾಯಿತು, ಇನ್ನೂ ಬಂದಿಲ್ಲ.