ಹೈಸ್ಕೂಲ್ ಹುಡುಗ್ರಿಗೆ ಕ್ಯಾಮೆರಾ ಹೇಳಿಕೊಡೋಕೆ ಹೋಗಿ ನಾನೇ ಕಲ್ತಿದ್ದು

ನಾನು ಹರಿಹರದ ಹತ್ರ ಒಂದು ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ಊರು ತುಮಕೂರು ಕಡೆ, ಇಲ್ಲಿಗೆ ಬಂದು 9 ವರ್ಷ ಆಯ್ತು, ಆದ್ರೂ ನನ್ನ ಭಾಷೆ ಕೇಳಿ ಹುಡುಗ್ರು ಈಗ್ಲೂ ಮುಸಿಮುಸಿ ನಗ್ತಾರೆ. ಫೋಟೋಗ್ರಫಿ ನಾನು ಎಲ್ಲೂ ಕೋರ್ಸ್ ಮಾಡಿ ಕಲ್ತವನಲ್ಲ. ನಮ್ಮ ಚಿಕ್ಕಪ್ಪನ ಮಗ ಮದುವೆ ಫೋಟೋ ತೆಗೀತಾನೆ, ಅವನು ದೊಡ್ಡ ಕ್ಯಾಮೆರಾ ತಗೊಂಡಾಗ ಹಳೇ ಕ್ಯಾನನ್ 1300ಡಿ, ಜೊತೆಗೆ 18-55 ಲೆನ್ಸು ನನಗೆ ದಾಟಿಸಿದ. ಎರಡು ವರ್ಷ ಅದು ಆಟೋ ಮೋಡಲ್ಲೇ ಇತ್ತು, ಸ್ವಲ್ಪ ಮಬ್ಬಾದ್ರೆ ಸಾಕು ಫ್ಲ್ಯಾಶ್ ಟಕ್ ಅಂತ ಎದ್ದು ನಿಲ್ತಿತ್ತು, ಮನೆಯವಳ ಹಣೆ ಫಳಫಳ ಅಂತಿತ್ತು, ಅಷ್ಟೇ ನಮ್ಮ ಫೋಟೋಗ್ರಫಿ.

ಕ್ಲಾಸ್ ಶುರುವಾಗಿದ್ದು ಹತ್ತನೇ ಕ್ಲಾಸಿನ ಬೆಳಕಿನ ಪಾಠದಿಂದ. ಪೀನ ಮಸೂರ, ಸಂಗಮದೂರ, ತಲೆಕೆಳಗಾದ ಪ್ರತಿಬಿಂಬ, ಎಲ್ಲಾ ಚಿತ್ರ ಸ್ಕೇಲ್ ಇಟ್ಕೊಂಡು ನೀಟಾಗಿ ಬರೀತಾರೆ, ಮಾರ್ಕ್ಸೂ ತಗೋತಾರೆ, ಆದ್ರೆ ಪ್ರತಿಬಿಂಬ ಅಂದ್ರೆ ಕಣ್ಣಿಗೆ ಕಾಣೋ ವಸ್ತು ಅನ್ನೋದು ಒಬ್ರಿಗೂ ಗೊತ್ತಿಲ್ಲ. ಅದಕ್ಕೆ ಶನಿವಾರ ಬೆಳಗಿನ ಶಾಲೆ ಬಿಟ್ಮೇಲೆ ಒಂದು ಗಂಟೆ ಇರಿ, ಕ್ಯಾಮೆರಾ ಕಲಿಸ್ತೀನಿ ಅಂದೆ. ಒಂಬತ್ತು, ಹತ್ತು ಎರಡೂ ಸೇರಿ 22 ಜನ ಉಳ್ಕೊಂಡ್ರು. ಕ್ಯಾಮೆರಾ ಇದ್ದಿದ್ದು ಒಂದೇ, ನನಗೆ ಗೊತ್ತಿದ್ದಿದ್ದು ಅರ್ಧಂಬರ್ಧ.

ಮೊದಲ ಎರಡು ವಾರ ಕ್ಯಾಮೆರಾ ಬ್ಯಾಗಿಂದ ತೆಗೀಲೇ ಇಲ್ಲ, ಹುಡುಗ್ರಿಗೆ ಸಿಟ್ಟು ಬಂದಿತ್ತು. ರಸ್ತೆ ಕಡೆ ಕಿಟಕಿ ಇರೋ ರೂಮೊಂದನ್ನ ಹಿಡಿದು ಗೊಬ್ಬರದ ಚೀಲ, ರಟ್ಟು, ಕಪ್ಪು ಚಾರ್ಟ್ ಪೇಪರ್ ಎಲ್ಲಾ ಹಾಕಿ ಕತ್ತಲೆ ಮಾಡಿದ್ವಿ, ಬಾಗಿಲ ಸಂದಿಗೂ ಹಳೇ ಪಂಚೆ ತುರುಕಿದ್ವಿ, ಆಮೇಲೆ ಕಿಟಕಿ ರಟ್ಟಿಗೆ ಒಂದ್ರೂಪಾಯಿ ಕಾಯಿನ್ ಅಷ್ಟು ತೂತು. ಒಂದ್ನಿಮಿಷ ಏನೂ ಇಲ್ಲ, ಕಣ್ಣು ಕತ್ತಲೆಗೆ ಹೊಂದ್ಕೊಳ್ಬೇಕಲ್ಲ. ನಿಧಾನಕ್ಕೆ ಎದುರಿನ ಗೋಡೆ ಮೇಲೆ ಏನೋ ಹಸಿರು ಹಸಿರು. ತೂತನ್ನ ಪೆನ್ಸಿಲ್ ದಪ್ಪಕ್ಕೆ ಇಳಿಸಿದ್ಮೇಲೆ ಬೆಳಕು ಕಮ್ಮಿ ಆಯ್ತು, ಆದ್ರೆ ಹೊರಗಿನ ಬೇವಿನ ಮರ ಸ್ಪಷ್ಟವಾಗಿ ಬಂತು, ಎಲೆ ಅಲ್ಲಾಡೋದು ಸಮೇತ. "ಸರ್, ಉಲ್ಟಾ ಐತಿ!" ಅಂತ ಯಾರೋ ಕಿರುಚಿದ್ರು. ಆಕಾಶ ನೆಲದ ಹತ್ರ, ರಸ್ತೆ ಛಾವಣಿ ಹತ್ರ. ಅಷ್ಟೊತ್ತಿಗೆ ಹೊರಗೆ ಒಬ್ಬ ಸೈಕಲ್ ಮೇಲೆ ಹೋದ, ಗೋಡೆ ಮೇಲೆ ಅವನು ತಲೆಕೆಳಗಾಗಿ, ಅದೂ ಬಂದ ದಾರಿಗೇ ವಾಪಸ್ ಹೋಗೋ ಥರ ತೇಲ್ಕೊಂಡು ಹೋದ. ಆವತ್ತಿನ ಗಲಾಟೆಗೆ ಹೆಡ್‌ಮಾಸ್ಟರ್ ಬಂದು ಬಾಗಿಲು ತಟ್ಟಿದ್ರು, ಒಳಗೆ ಕರೆದು ಅವರನ್ನೂ ಕೂರಿಸಿದ್ವಿ.

ಎರಡನೇ ವಾರ ನನ್ನ ಮುರಿದ ಕನ್ನಡಕದ +2 ಮಸೂರನ ಆ ತೂತಿಗೆ ಟೇಪ್ ಹಾಕಿ ಅಂಟಿಸಿದೆ, ತೂತು ಸ್ವಲ್ಪ ದೊಡ್ಡದು ಮಾಡಿ. ಒಬ್ಬ ಹುಡುಗ ಬಿಳಿ ಡ್ರಾಯಿಂಗ್ ಶೀಟ್ ಹಿಡ್ಕೊಂಡು ಹಿಂದೆ ಮುಂದೆ ಮಾಡ್ತಾ ಬಂದ, ಒಂದು ಜಾಗದಲ್ಲಿ ಮರ ಕೊರೆದಿಟ್ಟ ಹಂಗೆ ಚೂಪಾಗಿ ನಿಂತ್ಕೊಂತು. ಟೇಪ್ ಹಿಡಿದು ಅಳೆದ್ರೆ 50 ಸೆಂಟಿಮೀಟರ್ ಆಸುಪಾಸು. ಪವರ್ 2 ಅಂದ್ರೆ ಸಂಗಮದೂರ ಅರ್ಧ ಮೀಟರ್, ಪುಸ್ತಕದಲ್ಲಿ ಇರೋ ಲೆಕ್ಕಾನೇ. ಒಂದು ಹುಡುಗಿ ಶೀಟ್ ಹಿಂದಿಂದ ಇಣುಕಿ "ಕ್ಯಾಮೆರಾದಾಗ ಈ ಹಾಳೀ ಜಾಗದಾಗ ಏನಿರ್ತತಿ ಸರ್?" ಅಂತ ಕೇಳಿದ್ಲು. ಸೆನ್ಸರ್ ಅನ್ನೋ ಶಬ್ದಾನ ನಾನು ಆಗ ಹೇಳಿದ್ದು. 1975ರಲ್ಲಿ ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾದ ಸೆನ್ಸರಲ್ಲಿ ಅಡ್ಡ 100, ಉದ್ದ 100 ಚುಕ್ಕಿ ಇದ್ವು, ಒಂದು ಫೋಟೋ ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡ್ ಬೇಕಿತ್ತು ಅಂದೆ. ನಮ್ಮ 1300ಡಿಯಲ್ಲಿ 1 ಕೋಟಿ 80 ಲಕ್ಷ ಚುಕ್ಕಿ. ಭಾಗಿಸಿ ನೋಡಿ 1800 ಪಟ್ಟು ಅಂತ ಅವರೇ ಹೇಳಿದ್ರು.

ಮೂರನೇ ವಾರ ಕ್ಯಾಮೆರಾ ಕೈಗೆ ಕೊಟ್ಟೆ. ರೂಲ್ಸ್ ಏನಂದ್ರೆ ಒಬ್ರಿಗೆ ವಾರಕ್ಕೆ 5 ಕ್ಲಿಕ್, ಡಿಲೀಟ್ ಮಾಡಂಗಿಲ್ಲ, ಪಟ್ಟಿ ಕತ್ತಿಗೆ ಹಾಕ್ಕೊಳ್ದೆ ಮುಟ್ಟಂಗಿಲ್ಲ. 5 ಯಾಕಂದ್ರೆ ಒಂದು ಗಂಟೇಲಿ 22 ಜನಕ್ಕೆ ಅದಕ್ಕಿಂತ ಆಗಲ್ಲ, ದೊಡ್ಡ ತತ್ವ ಏನಿಲ್ಲ. ಆದ್ರೆ ನೋಡಿ, ಮೊಬೈಲಲ್ಲಿ ಒಂದೇ ಸಮನೆ 40 ಒತ್ತೋ ಹುಡುಗ್ರು ಇಲ್ಲಿ ಎರಡು ನಿಮಿಷ ಸುಮ್ನೆ ನಿಂತು, ಬಗ್ಗಿ, ಪಕ್ಕಕ್ಕೆ ಸರಿದು ಆಮೇಲೆ ಒತ್ತೋಕೆ ಶುರು ಮಾಡಿದ್ರು.

ಎಫ್ ನಂಬರ್, ಅಂದ್ರೆ ಲೆನ್ಸ್ ಒಳಗೆ ಬೆಳಕು ಬರೋ ತೂತಿನ (ಅಪರ್ಚರ್) ನಂಬರ್, ಅದೊಂದು ಮಾತ್ರ ತಲೆನೋವು. 5.6 ಅಂದ್ರೆ ದೊಡ್ಡ ತೂತು, 22 ಅಂದ್ರೆ ಸಣ್ಣ ತೂತು ಅಂದ್ರೆ ಒಬ್ರೂ ಒಪ್ಪಲ್ಲ. ಬಾಯಲ್ಲಿ ಹೇಳಿ ಸಾಕಾಗಿ ಎಲ್ಲಾ ನಾವೇ ಇಡೋ ಎಂ ಮೋಡಿಗೆ ಹಾಕಿ, ಸೆನ್ಸರ್ ಮುಂದಿನ ಪರದೆ, ಅಂದ್ರೆ ಶಟರ್, 5 ಸೆಕೆಂಡ್ ತೆರೆದಿರೋ ಹಂಗೆ ಇಟ್ಟು, 22ಕ್ಕೆ ತಿರುಗಿಸಿ, ಲೆನ್ಸ್ ಮುಂದಿಂದ ನೋಡ್ರೋ ಅಂದೆ. ಒತ್ತಿದ ತಕ್ಷಣ ಒಳಗಿನ ಎಲೆಗಳು ಮುಚ್ಕೊಂಡು ಪುಟ್ಟ ತೂತು ಕಾಣುತ್ತೆ, 5 ಸೆಕೆಂಡ್ ಆದ್ಮೇಲೆ ಮತ್ತೆ ತೆರ್ಕೊಳ್ಳುತ್ತೆ. ಬೆಕ್ಕಿನ ಕಣ್ಣು ಅಂದ್ರು. ಆಮೇಲೆ ಲೆಕ್ಕ: 55 ಮಿಲಿಮೀಟರನ್ನ 5.6ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 10 ಮಿಲಿಮೀಟರ್ ತೂತು, 22ರಿಂದ ಭಾಗಿಸಿದ್ರೆ ಎರಡೂವರೆ. ರೊಟ್ಟೀನ 4 ಪಾಲು ಮಾಡಿದ್ರೆ ದೊಡ್ಡ ತುಂಡೋ 16 ಪಾಲು ಮಾಡಿದ್ರೋ ಅಂತ ಕೇಳಿದ್ಮೇಲೆ ಆ ಕಥೆ ಮುಗೀತು.

ಶಟರ್ ಸ್ಪೀಡ್ ಕಲಿಯೋಕೆ ತುಂಗಭದ್ರಾ ದಂಡೆಗೆ ಹೋದ್ವಿ, ಬಟ್ಟೆ ಒಗೆಯೋ ಕಲ್ಲಿನ ಹತ್ರ. 1/1000 ಸೆಕೆಂಡ್ ಇಟ್ರೆ ಸೀರೆ ಬಡಿದಾಗ ಹಾರೋ ನೀರಿನ ಒಂದೊಂದು ಹನೀನೂ ಗಾಳೀಲಿ ನಿಲ್ಲುತ್ತೆ, 1/15 ಇಟ್ರೆ ಸೀರೆಯೇ ಒಂದು ಬಣ್ಣದ ಗೆರೆ. ಚೆನ್ನಾಗೇ ನಡೀತಿತ್ತು, ಅಷ್ಟರಲ್ಲಿ ಒಬ್ಬ ಅಜ್ಜಿ "ಏನಲೇ ಹುಡುಗ್ರಾ, ಕೇಳಂಗಿಲ್ಲ ಮಾಡಂಗಿಲ್ಲ, ನಿಮ್ಮ ಮೇಷ್ಟ್ರು ಇದನ್ನ ಕಲಿಸ್ಯಾನೇನು?" ಅಂತ ಝಾಡಿಸಿದ್ಲು. ಮೇಷ್ಟ್ರು ಪಕ್ಕದಲ್ಲೇ ಇದ್ದ. ತಪ್ಪು ನಂದೇ, ಕೇಳಿ ತೆಗೀಬೇಕು ಅನ್ನೋದನ್ನ ನಾನು ಹೇಳಿಕೊಟ್ಟಿರ್ಲಿಲ್ಲ. ಕ್ಷಮೆ ಕೇಳಿ ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ಫೋಟೋ ತೋರಿಸಿದ್ವಿ, ನೋಡಿ "ಇನ್ನೊಂದು ತೆಗಿ, ಸೆರಗು ಸರಿ ಇಲ್ಲ" ಅಂದ್ಲು. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಸಾಮಾನ್ಯ ಜನರ ಫೋಟೋಗಳನ್ನ ಮುಂದಿನ ವಾರ ತೋರಿಸಿದೆ, ಆ ಜನ ಯಾರೂ ಕ್ಯಾಮೆರಾಗೆ ಹೆದರಿದಂಗೆ ಕಾಣಲ್ಲ, ಅದು ಸುಮ್ನೆ ಬರಲ್ಲ ಕಣ್ರೋ ಅಂತ.

ಹರಿಹರೇಶ್ವರ ದೇವಸ್ಥಾನದ ಕಂಬಗಳು ಇನ್ನೊಂದು ಪಾಠ. ಹೊಯ್ಸಳರ ಕಾಲದ ಗುಡಿ, 1224ರ ಸುಮಾರಿಂದು, ತಿರುಗಿಸಿ ನುಣುಪು ಮಾಡಿದ ಕಂಬಗಳ ಮೇಲೆ ಪಕ್ಕದಿಂದ ಬೆಳಕು ಬಿದ್ದಾಗ ಕಲ್ಲು ಎಣ್ಣೆ ಹಚ್ಚಿದಂಗೆ ಮಿನುಗುತ್ತೆ. ಎಲ್ರೂ ತೆಗೆದ್ರು, ಎಲ್ಲಾ ಅಲ್ಲಾಡಿ ಹೋಗಿತ್ತು, ಯಾಕಂದ್ರೆ ನೆರಳಲ್ಲಿ ಶಟರ್ 1/15ಕ್ಕೆ ಇಳಿದಿತ್ತು. 55ಕ್ಕೆ ಜೂಮ್ ಮಾಡಿದಾಗ ಈ ಸಣ್ಣ ಸೆನ್ಸರಿಗೆ 1.6ರಿಂದ ಗುಣಿಸಿ 88, ಶಟರಿನ ಕೆಳಗಿನ ನಂಬರ್ ಇದಕ್ಕಿಂತ ಕಮ್ಮಿ ಆಗ್ಬಾರ್ದು, ಅಂದ್ರೆ 1/100ಕ್ಕಿಂತ ಕೆಳಗೆ ಕೈಯಲ್ಲಿ ಹಿಡಿದು ತೆಗೆದ್ರೆ ನಂಬಂಗಿಲ್ಲ. ಕಂಬಕ್ಕೆ ಭುಜ ಒರಗಿಸಿ, ಮೊಣಕೈ ಹೊಟ್ಟೆಗೆ ಒತ್ಕೊಂಡು, ಅರ್ಧ ಉಸಿರು ಬಿಟ್ಟು ಒತ್ತಿ ಅಂದೆ, ಲೆನ್ಸನ್ನೂ 18ಕ್ಕೆ ತಂದ್ವಿ. ಒಂದೆರಡು ಬಂದ್ವು. ಉಳಿದಿದ್ದಕ್ಕೆ, ಕಮ್ಮಿ ಬೆಳಕಲ್ಲೂ ಫೋಟೋ ಬೆಳ್ಳಗೆ ಬರೋ ಹಂಗೆ ಮಾಡೋ ಐಎಸ್‌ಓ ಏರಿಸೋದು ಬಿಟ್ರೆ ದಾರಿ ಇರ್ಲಿಲ್ಲ.

ಈ ಐಎಸ್‌ಓಗೆ ನಾನು ನಲ್ಲಿ, ಬಕೆಟ್ಟು ಉದಾಹರಣೆ ಕೊಟ್ಟಿದ್ದೆ. ನಲ್ಲಿ ಎಷ್ಟು ತಿರುಗಿಸ್ತೀರಿ ಅನ್ನೋದು ಅಪರ್ಚರ್, ಎಷ್ಟೊತ್ತು ಬಿಡ್ತೀರಿ ಅನ್ನೋದು ಶಟರ್, ಎಲ್ಲರೂ ಹೇಳೋದೇ ಅಲ್ವಾ. ಐಎಸ್‌ಓ ಅಂದ್ರೆ ಬಕೆಟ್ಟೇ ಸಣ್ಣದು ಮಾಡೋದು ಅಂದಾಗ ಮೊದಲು ಶೀಟ್ ಹಿಂದೆ ಇಣುಕಿದ್ಲಲ್ಲ, ಅದೇ ಹುಡುಗಿ, "ಅಲ್ರೀ ಸರ್, ಸಣ್ಣ ಬಕೆಟ್ನಾಗ ನೀರು ನೀರ ಇರ್ತತಿ, ಕೆಡಂಗಿಲ್ಲ. ಫೋಟೋ ಯಾಕ ಕಾಳು ಕಾಳು ಆಗ್ತತಿ?" ಅಂದ್ಲು. ನನ್ನತ್ರ ಉತ್ತರ ಇಲ್ಲ. ಆಮೇಲೆ ಅವಳೇ ಹೇಳಿದ್ಲು, ಇದು ನೆಂಟ್ರು ಬಂದಾಗ ಸಾರಿಗೆ ನೀರು ಹಾಕ್ದಂಗೆ ಅಂತ. ಬೇಳೆ ಇರೋದು ಅಷ್ಟೇ, ಪಾತ್ರೆ ತುಂಬಿದಂಗೆ ಕಾಣ್ತದೆ, ರುಚಿ ಹೋಗ್ತದೆ. ಒಳಗೆ ಬಂದ ಬೆಳಕು ಜಾಸ್ತಿ ಆಗಲ್ಲ, ಸಿಕ್ಕಿದ್ದನ್ನೇ ಹಿಗ್ಗಿಸೋದು, ಹಿಗ್ಗಿಸಿದಾಗ ಅದರ ಜೊತೆಗಿನ ಕಸರೂ ಎದ್ದು ಕಾಣುತ್ತೆ. ನಾನು ಓದಿದ ಯಾವ ವಿವರಣೆಗಿಂತ್ಲೂ ಇದು ವಾಸಿ. ನಮ್ಮಲ್ಲಿ ಅವತ್ತಿಂದ ಐಎಸ್‌ಓ 100 ಅಂದ್ರೆ ಗಟ್ಟಿ ಬೇಳೆ, 800 ಪರವಾಗಿಲ್ಲ, 6400 ಅಂದ್ರೆ ಹಾಸ್ಟೆಲ್ ಸಾರು.

ಈಗ ಮಾನ ಹೋದ ಕಥೆ. ಜನವರಿ 25ರ ಸಂಜೆ ಹಾಲ್ ಒಳಗೆ ಡ್ಯಾನ್ಸ್ ಪ್ರಾಕ್ಟೀಸ್ ಇತ್ತು, ಎರಡು ಟ್ಯೂಬ್‌ಲೈಟ್, ಅದರಲ್ಲಿ ಒಂದು ಮಿಣುಕ್ತಾ ಇತ್ತು. ಅಪರ್ಚರ್ ಮೋಡಲ್ಲಿ (ತೂತು ನಾವು ಇಡೋದು, ಶಟರ್ ಕ್ಯಾಮೆರಾನೇ ಆರಿಸೋದು) 5.6, ಐಎಸ್‌ಓ 6400 ಇಟ್ಟು ನಾನೇ ಫೋಟೋ ತೆಗೆದು ಹಂಗೇ ಬ್ಯಾಗಿಗೆ ಹಾಕ್ದೆ. ಮಾರನೇ ದಿನ ಬೆಳಗ್ಗೆ ಧ್ವಜಾರೋಹಣ. ಊರಿನ ಹಿರಿಯರು, ಎಸ್‌ಡಿಎಂಸಿ ಅಧ್ಯಕ್ಷರು, ಎಲ್ಲಾ ಬಿಳಿ ಬಟ್ಟೆ, ಬಾವುಟ ಬಿಚ್ಚಿ ಹೂವು ಉದುರೋ ಗಳಿಗೆಗೆ ಸರಿಯಾಗಿ ಟಪಟಪ 12 ಫೋಟೋ ಒತ್ತಿದೆ. ಕಣ್ಣಿಟ್ಟು ನೋಡೋ ಕಿಂಡಿ ಒಳಗೆ 4000 ಅನ್ನೋ ಶಟರ್ ನಂಬರ್ ಮಿಣಕ್ ಮಿಣಕ್ ಅಂತಿತ್ತು, ಆ ಗಡಿಬಿಡೀಲಿ ನೋಡೋರ್ಯಾರು. ಆಮೇಲೆ ನೋಡಿದ್ರೆ 12ಕ್ಕೆ 12ಕ್ಕೂ ಸುಣ್ಣ ಬಳಿದ ಗೋಡೆ. ಬಾವುಟ ಇಲ್ಲ, ಕಂಬದ ಒಂದು ಗೆರೆ, ಅಧ್ಯಕ್ಷರ ಮೀಸೆ ಮಾತ್ರ ಸ್ವಲ್ಪ ಕಾಣ್ತಿತ್ತು. ಹೆಡ್‌ಮಾಸ್ಟರ್ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. ಕೊನೆಗೆ ಬಿಸಿಯೂಟದ ಅಕ್ಕ ಬಂದು "ಸರ್, ನನ್ನ ಮೊಬೈಲ್ನಾಗ ಒಂದ್ ಐತಿ ನೋಡ್ರಿ" ಅಂದ್ರು. ಅಡಿಗೆಮನೆ ಬಾಗಿಲಿಂದ ತೆಗೆದಿದ್ದು, ಬಾವುಟ, ಹೂವು, ಮಕ್ಕಳು ಎಲ್ಲಾ ಸರಿಯಾಗಿತ್ತು. ನೋಟಿಸ್ ಬೋರ್ಡಿಗೆ ಹೋಗಿದ್ದು ಅದೇ.

ಮುಂದಿನ ಶನಿವಾರ ಆ 12 ಬಿಳಿ ಫೋಟೋನೇ ಪಾಠ ಮಾಡಿದೆ, ಇನ್ನೇನ್ ಮಾಡೋದು. ಬಿಸಿಲಲ್ಲಿ ಹಳೇ ಕಾಲದಿಂದ ಒಂದು ಲೆಕ್ಕ ಇದೆ, ಅಪರ್ಚರ್ 16 ಇದ್ರೆ ಶಟರ್ ಅಂದ್ರೆ ಐಎಸ್‌ಓ ನಂಬರಿಂದ ಒಂದು ಸೆಕೆಂಡನ್ನ ಭಾಗಿಸಿದಷ್ಟು, ಐಎಸ್‌ಓ 100ಕ್ಕೆ 1/100. 6400ಕ್ಕೆ 1/6400. ನಾನು 16 ಬದಲು 5.6 ಇಟ್ಟಿದ್ದೆ, 16ರಿಂದ 11, 8, 5.6 ಅಂತ ಮೂರು ಮೆಟ್ಲು, ಪ್ರತಿ ಮೆಟ್ಲಿಗೆ ಬೆಳಕು ಡಬಲ್, ಒಟ್ಟು 8 ಪಟ್ಟು. ಅಂದ್ರೆ 1/51200 ಬೇಕಿತ್ತು, ಈ ಕ್ಯಾಮೆರಾ 1/4000ಕ್ಕೆ ಕೈ ಎತ್ತುತ್ತೆ. ಬೋರ್ಡ್ ಮೇಲೆ ಭಾಗಾಕಾರ ಮಾಡಿದ ಹುಡುಗ "12.8 ಪಟ್ಟು ಜಾಸ್ತಿ ಬೆಳಕು ಸರ್" ಅಂದ. ಬೆಳಗಿನ ಬಿಸಿಲು ಅರ್ಧ ಅಂತ ಇಟ್ಕೊಂಡ್ರೂ 6 ಪಟ್ಟು ಮೇಲೆ. ಮೆಟ್ಲು, ಡಬಲ್ಲು ಇವೆಲ್ಲಾ ಮೂರು ವಾರದಿಂದ ತಲೆಗೆ ಹೋಗಿರ್ಲಿಲ್ಲ, ಮೇಷ್ಟ್ರು ಎಷ್ಟು ಪಟ್ಟು ದಡ್ಡತನ ಮಾಡಿದ್ರು ಅನ್ನೋ ಲೆಕ್ಕ ಅಂದ್ಕೂಡ್ಲೇ ಎಲ್ರಿಗೂ ಬಂತು.

ಇನ್ನು ಸಣ್ಣಪುಟ್ಟದ್ದು. ಶನಿವಾರದ ಬಿಳಿ ಯೂನಿಫಾರಂ ಗ್ರೂಪ್ ಫೋಟೋದಲ್ಲಿ ಮಾಸಲು ಬಣ್ಣಕ್ಕೆ ಬರ್ತಿತ್ತು, ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರ್ ಎಲ್ಲವನ್ನೂ ಬೂದಿ ಬಣ್ಣ ಅಂತ ಅಂದ್ಕೊಳ್ಳುತ್ತೆ, +1, ಅಂದ್ರೆ ಒಂದು ಮೆಟ್ಲು ಜಾಸ್ತಿ ಬೆಳಕು ಕೊಟ್ರೆ ಅಮ್ಮ ಒಗೆದ ಬಿಳುಪು ವಾಪಸ್ ಬರುತ್ತೆ. ಹಿಂದಿಂದು ಬ್ಲರ್ ಆಗ್ಬೇಕು ಅಂತ ಎಲ್ರಿಗೂ ಆಸೆ, ಅದಕ್ಕೆ ದುಬಾರಿ ಲೆನ್ಸೇ ಬೇಕು ಅನ್ನೋದು ಸುಳ್ಳು. ಇದೇ 18-55ನ 55ಕ್ಕೆ ತಂದು, ಚೆಂಡು ಹೂವಿನ ಹತ್ರ ಫೋಕಸ್ ಸಿಗೋವಷ್ಟು ಹೋಗಿ, ಹಿಂದಿನ ಬೇಲಿ 30 ಅಡಿ ದೂರ ಇರಂಗೆ ನಿಂತ್ರೆ ಸಾಕು. ಮೊಬೈಲ್ ಅದನ್ನ ಲೆಕ್ಕ ಹಾಕಿ ಮಾಡೋಕೆ ಹೋಗಿ ಒಮ್ಮೊಮ್ಮೆ ಜಡೆ ತುದೀನೇ ಕತ್ತರಿಸಿ ಬಿಡುತ್ತೆ. ಒಂದ್ಸಲ ನಾನು ಕಾರ್ಡ್ ಫಾರ್ಮ್ಯಾಟ್ ಮಾಡಿ ಒಂದು ವಾರದ ಕ್ಲಿಕ್ಕೆಲ್ಲಾ ಕಳೆದಿದ್ದೆ, ಕ್ಯಾಮೆರಾದಲ್ಲಿ ಅಳಿಸಿದ್ರೆ ತಕ್ಷಣ ಪೂರ್ತಿ ಹೋಗಲ್ಲ, ಅದರ ಮೇಲೆ ಇನ್ನೇನೂ ತೆಗೀದೆ ಫೋಟೋರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಓಡಿಸಿದ್ರೆ ಸಿಗ್ತವೆ, ಸಿಕ್ವು, ಹೆಸರು ಮಾತ್ರ ಎಲ್ಲಾ ಅದಲು ಬದಲು.

ಫೆಬ್ರವರೀಲಿ ಹಂಪಿ ಟ್ರಿಪ್. ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿ ಹಿಂದಿನ ಕತ್ತಲೆ ಜಾಗದಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು ರಾಜಗೋಪುರ ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತಲ್ಲ, ಸುಮಾರು 50 ಮೀಟರಿನ ಗೋಪುರ ಗೋಡೆಯ ಒಂದು ಸಣ್ಣ ಜಾಗದಲ್ಲಿ. ಜನ ಸಾಲಾಗಿ ಬಂದು ಆಶ್ಚರ್ಯ ಪಡ್ತಿದ್ರು. ನಮ್ಮ ಹುಡುಗ್ರು ಗೋಡೆ ಕಡೆ ಒಂದು ಕ್ಷಣ ನೋಡಿ ಎಲ್ರೂ ಒಟ್ಟಿಗೆ ಹಿಂದೆ ತಿರುಗಿ ಕಿಂಡಿ ಹುಡುಕಿದ್ರು. ಒಬ್ಬ ಅಂಗೈ ಅಡ್ಡ ಹಿಡಿದ, ಗೋಪುರ ಮಾಯ. ತೆಗೆದ, ಬಂತು. ಪಕ್ಕದಲ್ಲಿದ್ದ ಯಾರೋ ಹಿರಿಯರು ಬೈದ್ರು ಅನ್ನಿ. "ಇದು ನಮ್ಮ ಗೊಬ್ಬರ ಚೀಲದ ರೂಮ್ ರೀ ಸರ್" ಅಂದ ಅವನು ಕಿವೀಲಿ. ಅಲ್ಲಿ ಫೋಟೋ ಯಾರೂ ತೆಗೀಲಿಲ್ಲ, ಕೇಳಲೂ ಇಲ್ಲ.

ಆ ಬ್ಯಾಚ್ ಪಾಸಾಗಿ ಹೋಯ್ತು. ಕ್ಯಾಮೆರಾ ಹಿಂದೆ ಸ್ಕ್ರೀನ್ ಕೆಳಗೆ ಬಿಳಿ ಪ್ಲಾಸ್ಟರ್ ತುಂಡು ಅಂಟಿಸಿ ಆ ಹುಡುಗಿ "ಸಾರಿಗೆ ನೀರು ಎಷ್ಟು?" ಅಂತ ಬರೆದು ಹೋಗಿದಾಳೆ, ಈಗಿನ ಹುಡುಗ್ರು ಅದೇನಂತ ಕೇಳ್ತಾರೆ, ನಾನು ಬೇವಿನ ಮರದ ರೂಮಿಂದ ಮತ್ತೆ ಶುರು ಮಾಡ್ತೀನಿ. ಬ್ಯಾಟರಿ ಮಾತ್ರ ಈಗ 60 ಕ್ಲಿಕ್ಕಿಗೆ ಮಲಗ್ತಿದೆ, ಅದಕ್ಕೇ ಈ ವರ್ಷ ಒಬ್ರಿಗೆ 3.